ಓರೆಸ್ಟನ ಮೂಗು

ಕೆನಡಾದ ಹೆರಿಕ್ ಊರಿನಲ್ಲಿ ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಅನುಮಾನ ಬಂದರೆ "ಓರೆಸ್ಟನ ಹತ್ರ ಮೂಸಿಸು" ಅನ್ನುವುದು ರೂಢಿ. ಗೋದಾಮಿನ ಗೋಧಿಗೆ ಮುಗ್ಗಲು ಹಿಡಿದಿದೆಯೇ, ಟ್ರಕ್ಕಿನಲ್ಲಿ ಪೆಟ್ರೋಲ್ ಸೋರುತ್ತಿದೆಯೇ, ಮದುವೆಯ ದಿನ ಮದುಮಗ ಕುಡಿದು ಬಂದಿದ್ದಾನೆಯೇ, ಎಲ್ಲಕ್ಕೂ ಅದೇ ಮಾತು. ನಗುತ್ತಲೇ ಹೇಳುತ್ತಿದ್ದರು, ಆದರೆ ನಂಬಿಕೊಂಡೇ ಹೇಳುತ್ತಿದ್ದರು.

ಆ ನಂಬಿಕೆಗೆ ಕಾರಣವಿತ್ತು. ಓರೆಸ್ಟ್ ಪಾವ್ಲಿಕ್ ಇನ್ನೂ ಕಪ್ಪು ಮೀಸೆಯ ಯುವಕನಾಗಿದ್ದಾಗ, ಒಂದು ಶನಿವಾರ ಮಂಜುಗಡ್ಡೆಯ ಮೇಲೆ ಭಾರದ ಕಲ್ಲು ಜಾರಿಸಿ ಆಡುವ ಊರಿನ ಕರ್ಲಿಂಗ್ ಕ್ಲಬ್ಬಿನಲ್ಲಿ ಮಕ್ಕಳ ಪಂದ್ಯ ನಡೆಯುತ್ತಿತ್ತು. ಅವನು ಹೊರಗೆ ಹಿಮ ಎತ್ತುತ್ತಿದ್ದ. ಇದ್ದಕ್ಕಿದ್ದ ಹಾಗೆ ಸಲಿಕೆ ಬಿಸಾಡಿ, ಓಡಿ ಬಂದು, ಮಕ್ಕಳನ್ನೆಲ್ಲ ಸಿಕ್ಕಿದ ಹಾಗೆ ಕಂಕುಳಲ್ಲಿ ಎತ್ತಿ ಹೊರಗೆ ಹಾಕಿದ. ತಾಯಂದಿರು ಬೈದರು. ಆಮೇಲೆ ಯಂತ್ರದ ಕೋಣೆಯ ಬಾಗಿಲು ತೆಗೆದು ನೋಡಿದಾಗ ಅಮೋನಿಯಾದ ಕೊಳವೆಯೊಂದು ಬಿರಿದಿತ್ತು. ಒಳಗಿದ್ದ ಒಬ್ಬರಿಗೂ ವಾಸನೆ ಗೊತ್ತಾಗಿರಲಿಲ್ಲ. ಆ ಮಕ್ಕಳಲ್ಲಿ ಕೆಲವರು ಈಗ ಕ್ಲಬ್ಬಿನ ಸಮಿತಿಯಲ್ಲಿದ್ದಾರೆ.

ಓರೆಸ್ಟನ ಕೆಲಸ ಮಂಜುಗಡ್ಡೆ ಮಾಡುವುದು. ಅವನ ಸೋದರಮಾವ, ಎಲ್ಲರೂ ಉಕ್ರೇನಿನ ಮಾತಿನಲ್ಲಿ ವುಯ್ಕೊ (ಮಾವ) ಪೆತ್ರೊ ಎಂದು ಕರೆಯುತ್ತಿದ್ದವನು, ಅವನಿಗೆ ಅದನ್ನು ಕಲಿಸಿದ. ಕ್ಲಬ್ಬಿನ ನೆಲದಡಿ ಕೊಳವೆಗಳಲ್ಲಿ ಉಪ್ಪುನೀರು ಹರಿಯುತ್ತದೆ. ಆ ಉಪ್ಪುನೀರನ್ನು ಯಂತ್ರದ ಕೋಣೆಯಲ್ಲಿ ಅಮೋನಿಯಾ ತಣ್ಣಗಾಗಿಸುತ್ತದೆ. ನೆಲದ ಮೇಲೆ ಗಾಜಿನಂತೆ ಗಟ್ಟಿಯಾದ ಪದರದ ಮೇಲೆ ಓರೆಸ್ಟ್ ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡು, ಹಿಂದಕ್ಕೆ ಹೆಜ್ಜೆಯಿಡುತ್ತ, ಬಿಸಿನೀರಿನ ಸಣ್ಣ ಹನಿಗಳನ್ನು ಚಿಮುಕಿಸುತ್ತಾನೆ. ಹನಿ ಬಿದ್ದಲ್ಲೇ ಸಾಸಿವೆಯಂತೆ ಉಬ್ಬಿ ಹೆಪ್ಪುಗಟ್ಟುತ್ತದೆ. ಕಲ್ಲು ಜಾರುವುದು ಆ ಸಾಸಿವೆಗಳ ತಲೆಯ ಮೇಲೆ. ಒಂದು ಕೂದಲೆಳೆ ಬಿದ್ದರೂ ಕಲ್ಲು ದಾರಿ ತಪ್ಪುತ್ತದೆ. ಹಾಗಾಗಿ ಹೊರಗಿನ ಬೂಟು ಹಾಕಿಕೊಂಡು ಮಂಜುಗಡ್ಡೆಯ ಮೇಲೆ ಕಾಲಿಡುವುದು ಹೆರಿಕ್‌ನಲ್ಲಿ ಚರ್ಚಿನೊಳಗೆ ಉಗುಳಿದ ಹಾಗೆ. ಒಮ್ಮೆ ಪಂದ್ಯಾವಳಿಯನ್ನು ಆಶೀರ್ವದಿಸಲು ಬಂದ ಪಾದ್ರಿಯನ್ನೇ ಓರೆಸ್ಟ್ ಅಂಚಿನಲ್ಲಿ ತಡೆದಿದ್ದ. "ಫಾದರ್, ಆಶೀರ್ವಾದ ಅಲ್ಲಿಂದ್ಲೂ ತಲುಪುತ್ತೆ" ಅಂದಿದ್ದ.

ಅಮೋನಿಯಾದ ಬಗ್ಗೆ ವುಯ್ಕೊ ಪೆತ್ರೊ ಹೇಳುತ್ತಿದ್ದ ಮಾತು ಓರೆಸ್ಟನಿಗೆ ಬಾಯಿಪಾಠ. "ಇದು ಮರ್ಯಾದಸ್ಥ ವಿಷ ಕಣೋ. ಕೊಲ್ಲೋಕೆ ಬಹಳ ಮುಂಚೆನೇ ಬಾಗ್ಲು ತಟ್ಟಿ ಹೆಸರು ಹೇಳುತ್ತೆ. ಮನೇಲಿ ಕೇಳಿಸ್ಕೊಳ್ಳೋರು ಇರಬೇಕು, ಅಷ್ಟೆ."

ಅಕ್ಟೋಬರಿನಲ್ಲಿ ಓರೆಸ್ಟನಿಗೆ ಜ್ವರ ಬಂತು. ಊರಿನಲ್ಲಿ ಅರ್ಧ ಜನಕ್ಕೆ ಬಂದಿದ್ದ ಜ್ವರವೇ. ವಾರದಲ್ಲಿ ಎದ್ದು ಓಡಾಡಿದ. ಆಮೇಲೆ ಒಂದು ಸಂಜೆ ಅವನು ಅಡುಗೆಮನೆಯ ಮೇಜಿನ ಮುಂದೆ ಪೇಪರ್ ಓದುತ್ತ ಕುಳಿತಿದ್ದಾಗ, ಹೆಂಡತಿ ವರ್ನಾ ಹಿತ್ತಿಲಿನಿಂದ ಓಡಿ ಬಂದಳು. ಒಲೆಯ ಮೇಲಿದ್ದ ಎಲೆಕೋಸಿನ ಸುರುಳಿಗಳು ತಳ ಹಿಡಿದು ಇದ್ದಿಲಾಗಿದ್ದವು. ಕೋಣೆಯ ತುಂಬ ಹೊಗೆ. ಅವನು ಅದರ ನಡುವೆ ಹಾಯಾಗಿ ಹಾಳೆ ತಿರುಗಿಸುತ್ತಿದ್ದ.

"ಓರೆಸ್ಟ್! ಮೂಗಿಗೇನು ಬೆಣೆ ಜಡ್ಕೊಂಡಿದ್ದೀಯಾ?"

ಅವನು ತಲೆಯೆತ್ತಿ ಹೊಗೆಯನ್ನು ನೋಡಿದ. ನೋಡಿದ ಮೇಲೆಯೇ ಅವನಿಗೆ ಅದು ಗೊತ್ತಾದದ್ದು. ವರ್ನಾ ಕಪಾಟಿನಿಂದ ವಿನಿಗರ್ ತಂದು ಅವನ ಮೂಗಿನ ಕೆಳಗೆ ಹಿಡಿದಳು. ಕಾಫಿಪುಡಿ ಹಿಡಿದಳು. ಕೊನೆಗೆ ಸಬ್ಬಸಿಗೆ ಸೊಪ್ಪನ್ನು ಕೈಯಲ್ಲಿ ಹೊಸಕಿ ಹಿಡಿದಳು. ನಲವತ್ತು ವರ್ಷದ ಹಿಂದೆ ಒಂದು ಕುಣಿತದ ಸಂಜೆ ಅವನು ಅವಳಿಗೆ ಹೇಳಿದ ಮೊದಲ ಮಾತೇ "ನಿಮ್ಮ ಕೈಲಿ ಸಬ್ಬಸಿಗೆ ವಾಸನೆ ಇದೆ, ಅಜ್ಜಿ ಮನೆಗೆ ಹೋಗಿದ್ರಾ?" ಅಂತ. ಈಗ ಅವನು ಕಣ್ಣು ಮುಚ್ಚಿ ಉಸಿರು ಎಳೆದು, ತಲೆ ಅಲ್ಲಾಡಿಸಿದ.

"ವಾಪಸ್ ಬರುತ್ತೆ," ಅಂದಳು ವರ್ನಾ. "ಡಾಕ್ಟರು ಹೇಳಿಲ್ವಾ, ಕೆಲವರಿಗೆ ತಿಂಗಳು ಹಿಡಿಯುತ್ತೆ ಅಂತ."

ನವೆಂಬರಿನಲ್ಲಿ ಬರಲಿಲ್ಲ. ಕ್ರಿಸ್‌ಮಸ್ಸಿಗೂ ಬರಲಿಲ್ಲ. ವರ್ನಾಳನ್ನು ಬಿಟ್ಟು ಬೇರೆ ಯಾರಿಗೂ ಅವನು ಹೇಳಲಿಲ್ಲ. ಹೇಳಬಾರದು ಎಂದು ನಿರ್ಧರಿಸಿದ್ದನೆಂದಲ್ಲ. ಪ್ರತಿ ಬಾರಿ ಯಾರಾದರೂ ತಟ್ಟೆ ಮುಂದೆ ಹಿಡಿದು "ಮೂಸಿ ನೋಡಪ್ಪ" ಎಂದಾಗ ನಕ್ಕು ಏನೋ ಒಂದು ಹೇಳುತ್ತಿದ್ದ. ಹಾಗೆ ಹೇಳಿದ್ದು ಅರ್ಧದಷ್ಟು ಸಲ ಸರಿಯಾಗುತ್ತಿತ್ತು. ಉಳಿದರ್ಧವನ್ನು ಜನ ಮರೆತುಬಿಡುತ್ತಿದ್ದರು.

ಆ ಚಳಿಗಾಲ ಹೆರಿಕ್‌ಗೆ ದೊಡ್ಡ ಚಳಿಗಾಲ. ಗಂಡಸರ ವೃತ್ತಿಪರ ಕರ್ಲಿಂಗ್ ಪಂದ್ಯಾವಳಿಯೊಂದು ಫೆಬ್ರವರಿಯಲ್ಲಿ ಅವರ ಕ್ಲಬ್ಬಿಗೆ ಬರಲಿತ್ತು. ಕ್ಲಬ್ಬಿನ ಅಧ್ಯಕ್ಷ ಲೋರ್ನ್ ಟ್ವೇಟ್ ಅದಕ್ಕಾಗಿ ವರ್ಷಗಟ್ಟಲೆ ಕಂಡಕಂಡವರ ಬಾಗಿಲು ಸವೆಸಿದ್ದ. ಲೋರ್ನ್ ಮತ್ತು ಓರೆಸ್ಟ್ ಒಂದೇ ಬೆಂಚಿನಲ್ಲಿ ಓದಿದವರು. ಲೋರ್ನ್ ಒಳ್ಳೆಯವನು. ಅವನ ಒಂದೇ ಕೊರತೆಯೆಂದರೆ ಗಾಬರಿಯಾದಾಗ ಜಾಸ್ತಿ ಜೋಕು ಹೇಳುವುದು.

ಪಂದ್ಯಾವಳಿಗೆ ಮೊದಲಿನ ವಾರ ಯಂತ್ರದ ಕೋಣೆಯ ಗೋಡೆಯಲ್ಲಿದ್ದ ಅಮೋನಿಯಾ ಅಲಾರಂ ಕಾರಣವಿಲ್ಲದೆ ಕಿರಿಚತೊಡಗಿತು. ಮೊದಲ ಸಲ ಎಲ್ಲರನ್ನೂ ಹೊರಗೆ ನಿಲ್ಲಿಸಿ ತಪಾಸಣೆ ಮಾಡಿಸಿದರು. ಏನೂ ಇರಲಿಲ್ಲ. ಎರಡನೆಯ ಸಲವೂ ಏನೂ ಇರಲಿಲ್ಲ. ಅದರೊಳಗಿನ ಸೆನ್ಸರ್ ಹಳತಾಗಿ ಸತ್ತಿದೆ, ಹೊಸದು ಕಳಿಸುತ್ತೇವೆ ಎಂದು ಕಂಪನಿಯವರು ಫೋನಿನಲ್ಲಿ ಹೇಳಿದರು. ಆದರೆ ಹಿಮಗಾಳಿಗೆ ಹೆದ್ದಾರಿ ಎರಡು ದಿನ ಮುಚ್ಚಿ ಸಾಮಾನು ಸಾಗಣೆಯೆಲ್ಲ ಹಿಂದೆ ಬಿದ್ದಿತ್ತು. ಅದು ಬರುವುದು ಪಂದ್ಯಾವಳಿ ಮುಗಿದ ಮರುದಿನ, ಸೋಮವಾರ.

ಸಮಿತಿಯವರು ಕಾಫಿ ಮೇಜಿನ ಸುತ್ತ ಕುಳಿತರು.

"ಈ ದರಿದ್ರದ್ದು ಫೈನಲ್ ನಡುವೆ ಕಿರುಚಿದ್ರೆ ನಮ್ಮ ಮಾನ ಕ್ಯಾಮೆರಾ ಮುಂದೆ ಹೋಗುತ್ತೆ," ಅಂದ ಲೋರ್ನ್. "ಕಿತ್ತು ಬಿಸಾಕೋಣ. ಭಾನುವಾರದವರೆಗೆ ತಾನೆ?"

"ಅಷ್ಟು ದಿನ ಯಾರು ನೋಡ್ಕೋತಾರೆ?" ಎಂದು ಯಾರೋ ಕೇಳಿದರು.

"ಯಾರು ಅಂತ ಕೇಳ್ತೀಯಲ್ಲ! ನಮ್ಮ ಹತ್ರ ಇರೋ ಯಂತ್ರ ಕೆನಡಾದಲ್ಲೇ ಯಾರ ಹತ್ರಾನೂ ಇಲ್ಲ. ಬ್ಯಾಟರಿ ಬೇಡ, ಕರೆಂಟ್ ಬೇಡ. ಆವಾಗಾವಾಗ ಎರಡು ಬಿಯರ್ ಹಾಕಿದ್ರೆ ಸಾಕು." ಲೋರ್ನ್ ತಿರುಗಿ ಓರೆಸ್ಟನ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. "ಏನಪ್ಪ, ನಾಲ್ಕು ದಿನ ಡ್ಯೂಟಿ ಮಾಡ್ತೀಯಾ?"

ಎಲ್ಲರೂ ನಕ್ಕರು. ಮಾತು ಹೊರಡಬೇಕಾದ ಕ್ಷಣ ಅದೇ ಆಗಿತ್ತು. ಓರೆಸ್ಟನ ಬಾಯಿ ತೆರೆದೂ ಇತ್ತು. ಆದರೆ ಮೂಗು ಹಿಡಿದವನ ಮುಂದೆ ಮೂಗು ಸತ್ತಿದೆ ಎಂದು ಹೇಳುವುದು ಹೇಗೆ?

"ಬಿಡು ಮಾರಾಯ, ನೋಯುತ್ತೆ," ಅಂದ. ಅದನ್ನೇ ಒಪ್ಪಿಗೆ ಎಂದುಕೊಂಡು ಅಲಾರಂ ಕಿತ್ತಿಟ್ಟರು.

ಆ ರಾತ್ರಿ ವರ್ನಾ ಪಾತ್ರೆ ತೊಳೆಯುತ್ತ, ತಿರುಗಿ ನೋಡದೆ ಕೇಳಿದಳು. "ಹೇಳಿದ್ಯಾ?"

"ಸೋಮವಾರ ಹೊಸಾದು ಬರುತ್ತೆ."

"ನಾನು ಕೇಳಿದ್ದು ಅದಲ್ಲ."

"ಈಗ ಹೇಳಿದ್ರೆ ಪಂದ್ಯಾವಳಿನೇ ನಿಲ್ಲುತ್ತೆ, ವರ್ನಾ. ಲೋರ್ನ್ ಎದೆ ಒಡ್ಕೋತಾನೆ."

"ಅವನ ಎದೆ ಚೆನ್ನಾಗಿದೆ. ನಿನ್ನ ಮೂಗಿನ ಮಾತು ಆಡ್ತಿದ್ದೀನಿ ನಾನು. ನಾಲ್ಕು ದಿನ ಆ ಅಡುಗೆಮನೇಲಿ ನಿಂತು ಪಿರೋಗಿ ಕಡುಬು ಬೇಯಿಸೋಳು ನಾನು. ಗೊತ್ತಲ್ಲ, ಆ ಅಡುಗೆಮನೆ ಎಲ್ಲಿದೆ ಅಂತ?"

ಅವನಿಗೆ ಗೊತ್ತಿತ್ತು. ಕ್ಲಬ್ಬಿನ ಮುಂಬಾಗಿಲಿನಿಂದ ಒಳಬಂದರೆ ಒಂದು ಉದ್ದನೆಯ ಹಾದಿ. ಅದರ ಒಂದು ಬದಿಗೆ ಆಟಗಾರರು ಬಟ್ಟೆ ಬದಲಿಸುವ ಕೋಣೆ, ಯಂತ್ರದ ಕೋಣೆ, ಅಡುಗೆಮನೆ. ಆ ಹಾದಿ ದಾಟಿದ ಮೇಲೆಯೇ ಮಂಜುಗಡ್ಡೆಯ ದೊಡ್ಡ ಸಭಾಂಗಣ. ಸಭಾಂಗಣದ ಇನ್ನೊಂದು ತುದಿಯಲ್ಲಿ, ಮಂಜುಗಡ್ಡೆಯ ಆಚೆ, ಯಂತ್ರಗಳನ್ನು ಒಳತರಲು ತಗಡಿನ ಅಗಲ ಬಾಗಿಲೊಂದಿತ್ತು. ಅದು ಹೊಲಕ್ಕೆ ತೆರೆಯುತ್ತಿತ್ತು. ಚಳಿಗಾಲದಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ.

ವಾಸನೆಯ ಬದಲಿಗೆ ಓರೆಸ್ಟ್ ಇನ್ನೊಂದು ದಾರಿ ಹಿಡಿದ. ವುಯ್ಕೊ ಪೆತ್ರೊನ ಹಳೆಯ ತಗಡಿನ ಡಬ್ಬಿಯಲ್ಲಿ ಗಂಧಕದ ಕಡ್ಡಿಗಳಿದ್ದವು. ಉರಿಯುವ ಗಂಧಕದ ಹೊಗೆ ಅಮೋನಿಯಾಕ್ಕೆ ತಾಗಿದರೆ ದಟ್ಟ ಬಿಳಿ ಹೊಗೆಯಾಗುತ್ತದೆ. ಮೂಗಿಲ್ಲದವನೂ ಕಣ್ಣಿನಿಂದ ನೋಡಬಹುದು. ದಿನಕ್ಕೆ ಎರಡು ಸಲ ಅವನು ಬಾಗಿಲು ಹಾಕಿಕೊಂಡು, ಉರಿಯುವ ಕಡ್ಡಿಯನ್ನು ಪ್ರತಿ ಜೋಡಣೆಯ ಬಳಿ, ಪ್ರತಿ ಕವಾಟದ ಬಳಿ ನಿಧಾನವಾಗಿ ಹಿಡಿಯುತ್ತಿದ್ದ. ಕಡ್ಡಿಗಳು ಬೇಗ ಬೇಗ ಖಾಲಿಯಾಗುತ್ತಿದ್ದವು. ಊರಿನ ಅಂಗಡಿಯಲ್ಲಿ ಕೇಳಬಹುದಿತ್ತು. ಆದರೆ "ನಿನಗ್ಯಾಕಪ್ಪ ಕಡ್ಡಿ?" ಎಂದು ಅಂಗಡಿಯವಳು ಕೇಳಿಯೇ ಕೇಳುತ್ತಿದ್ದಳು.

ಗುರುವಾರ ಪಂದ್ಯಾವಳಿ ಶುರುವಾಯಿತು. ಮ್ಯಾನಿಟೋಬಾದಿಂದ, ಆಲ್ಬರ್ಟಾದಿಂದ ತಂಡಗಳು ಬಂದವು, ಒಂದು ತಂಡ ಸ್ಕಾಟ್ಲೆಂಡಿನಿಂದ. ಅಕ್ಕಪಕ್ಕದ ಊರುಗಳೆಲ್ಲ ಹೆರಿಕ್‌ಗೆ ಬಂದು ಬಿದ್ದವು. ಆಟಕ್ಕೆಂದು ಉದ್ದಕ್ಕೆ ಗೆರೆ ಎಳೆದ ಮಂಜುಗಡ್ಡೆಯ ಹಾಸುಗಳಲ್ಲಿ ಅಂಚಿನ ಎರಡರ ಮೇಲೆ ಹಲಗೆ ಹೊದಿಸಿ ಮೆಟ್ಟಿಲು ಬೆಂಚುಗಳನ್ನು ಹಾಕಿದ್ದರು. ನಡುವಿನ ಹಾಸುಗಳಲ್ಲಿ ಆಟ. ಕಲ್ಲುಗಳು ಗುಂಯ್ ಎನ್ನುತ್ತ ಹೋದವು, ಆಟಗಾರರು ಕಿರುಚುತ್ತ ಕಲ್ಲಿನ ಮುಂದಿನ ದಾರಿಯನ್ನು ಪೊರಕೆಯಲ್ಲಿ ಗುಡಿಸಿದರು. ಎರಡನೆಯ ದಿನ ಮ್ಯಾನಿಟೋಬಾ ತಂಡದ ನಾಯಕ ಡೆರಿಕ್ ಫ್ರೀಸನ್, ಗೆದ್ದವರು ಸೋತವರಿಗೆ ಕುಡಿಸುವ ಪದ್ಧತಿಯಂತೆ ಎದುರಾಳಿಗಳಿಗೆ ಬಿಯರ್ ತಂದುಕೊಟ್ಟು, ಇನ್ನೊಂದು ಬಾಟಲಿಯನ್ನು ಓರೆಸ್ಟನ ಮುಂದಿಟ್ಟ.

"ಇದು ನಿಮಗೆ. ಇಂಥಾ ಐಸು ನಾವು ದೊಡ್ಡ ಸಿಟಿಗಳಲ್ಲೂ ನೋಡಿಲ್ಲ. ನಮ್ಮ ತಂಡದವರು ಇದನ್ನ ಕಿತ್ಕೊಂಡು ಮನೆಗೆ ಒಯ್ಯೋಣ ಅಂತಿದ್ದಾರೆ."

"ಒಯ್ಯಿ. ಆದ್ರೆ ಬೂಟು ಕಳಚಿ ಒಯ್ಯಿ," ಅಂದ ಓರೆಸ್ಟ್.

ಶನಿವಾರ ಕಡ್ಡಿಯ ತುದಿಯಲ್ಲಿ ಅವನು ನೋಡಬಾರದೆಂದುಕೊಂಡಿದ್ದನ್ನು ನೋಡಿದ. ಅಮೋನಿಯಾ ಒತ್ತುವ ಕಂಪ್ರೆಸರಿನ ತಿರುಗುವ ದಂಡಕ್ಕೆ ಸೋರದಂತೆ ಹಾಕಿದ ಬಿಗಿಪಟ್ಟಿಯ ಬಳಿ ಹೊಗೆ ಸಣ್ಣ ಎಳೆಯಾಗಿ ಬೆಳ್ಳಗಾಯಿತು, ಹತ್ತಿಯಿಂದ ನೂಲು ಎಳೆದ ಹಾಗೆ. ಅವನು ಸ್ಪ್ಯಾನರ್ ತೆಗೆದುಕೊಂಡು ಬಿಗಿ ಮಾಡಿದ. ನೂಲು ನಿಂತಿತು. ಇನ್ನೊಂದು ಕಡ್ಡಿ ಹಚ್ಚಿ ನೋಡಿದ. ಏನಿಲ್ಲ. ಡಬ್ಬಿಯಲ್ಲಿ ಇನ್ನು ಒಂದೇ ಕಡ್ಡಿ ಉಳಿಯಿತು.

ಆ ಕೋಣೆಯಲ್ಲಿ ಅವನು ಬಹಳ ಹೊತ್ತು ನಿಂತ. ಬಿಗಿಪಟ್ಟಿ ಹಳತು. ಒಮ್ಮೆ ಸೋರಿದ್ದು ಮತ್ತೆ ಸೋರುತ್ತದೆ. ಯಂತ್ರ ನಿಲ್ಲಿಸಬೇಕು, ಮೆಕ್ಯಾನಿಕ್ ಬರಬೇಕು. ನಿಲ್ಲಿಸಿದರೆ ಸಂಜೆಗೆ ಮಂಜುಗಡ್ಡೆ ಬೆವರುತ್ತದೆ, ನಾಳೆಗೆ ಆಟವಿಲ್ಲ. ಮೆಕ್ಯಾನಿಕ್ ಹೇಗೂ ಸೋಮವಾರ ಹೊಸ ಅಲಾರಮ್ಮಿನ ಜೊತೆ ಬರುತ್ತಾನೆ. ಗಾಳಿ ಹೊರಹಾಕುವ ದೊಡ್ಡ ಫ್ಯಾನು ತಿರುಗುತ್ತಲೇ ಇದೆ, ಸ್ವಲ್ಪ ಸೋರಿದರೂ ಚಾವಣಿಯ ಮೇಲಕ್ಕೆ ಹೋಗಿಬಿಡುತ್ತದೆ. ಅವನ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ, ಒಂದನ್ನು ಬಿಟ್ಟು. ಆ ರಾತ್ರಿಯ ಚಳಿಯನ್ನು ಅವನು ಅದರಲ್ಲಿ ಸೇರಿಸಿರಲಿಲ್ಲ.

ಭಾನುವಾರ ಬೆಳಗ್ಗೆ ಹೆರಿಕ್‌ನಲ್ಲಿ ನಿಂತ ಕಾರುಗಳ ಟೈರುಗಳು ನೆಲ ತಾಗಿದ ಕಡೆ ಚಪ್ಪಟೆಯಾಗಿ ಹೆಪ್ಪುಗಟ್ಟಿದ್ದವು, ಅಂಥ ಚಳಿ. ಉಸಿರು ಮೀಸೆಯ ಮೇಲೆ ಹರಳಾಗುತ್ತಿತ್ತು. ರಾತ್ರಿಯಿಡೀ ಕ್ಲಬ್ಬಿನ ಬೆಚ್ಚನೆಯ ತೇವದ ಗಾಳಿ ಫ್ಯಾನಿನ ಗಾಳಿ ಹೊರಹೋಗುವ ಚಾವಣಿಯ ಕೊಳವೆಯ ಬಾಯಿಗೆ ಬಡಿದು ಬಡಿದು ಹೆಪ್ಪುಗಟ್ಟಿ, ಅದನ್ನು ಬಿರಡೆ ಹಾಕಿದ ಹಾಗೆ ಮುಚ್ಚಿತ್ತು. ಕೆಳಗೆ ಫ್ಯಾನು ಎಂದಿನಂತೆ ತಿರುಗುತ್ತಲೇ ಇತ್ತು. ಸದ್ದು ಒಂಚೂರು ಬೇರೆಯಾಗಿತ್ತು. ಚಳಿಗೆ ಬೆಲ್ಟು ಬಿರುಸಾಗಿರಬೇಕು ಎಂದುಕೊಂಡ ಓರೆಸ್ಟ್. ಕೊನೆಯ ಕಡ್ಡಿಯನ್ನು ಆಮೇಲಕ್ಕಿರಲಿ ಎಂದು ಜೇಬಿನಲ್ಲಿ ಇಟ್ಟುಕೊಂಡ. ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಆ ದಿನ ಊರಿನಲ್ಲಿ ಯಾರ ಕಣ್ಣಲ್ಲಿ ಬರುತ್ತಿರಲಿಲ್ಲ?

ಅವನು ಕಾಫಿ ಲೋಟ ಹಿಡಿದು, ಶಿಳ್ಳೆ ಹಾಕುತ್ತ, ಹಾದಿಯಲ್ಲಿ ಹತ್ತು ಸಲ ಓಡಾಡಿದ. ಎದುರಾದವರ ಮುಖಗಳನ್ನು ನೋಡಿದ. ಎಲ್ಲರೂ ನಿರಾಳವಾಗಿದ್ದರು. ಏನಾದರೂ ಇದ್ದಿದ್ದರೆ ಇವರಲ್ಲಿ ಒಬ್ಬರಾದರೂ ಮೂಗು ಮುಚ್ಚಿಕೊಳ್ಳುತ್ತಿದ್ದರಲ್ಲ ಎಂದು ಅವನು ಸಮಾಧಾನಪಟ್ಟ.

ಇಳಿಮಧ್ಯಾಹ್ನ ಫೈನಲ್ ಶುರುವಾಯಿತು. ಡೆರಿಕ್ ಫ್ರೀಸನ್ನನ ತಂಡ, ಸ್ಕಾಟ್ಲೆಂಡಿನವರ ತಂಡ. ಬೆಂಚುಗಳಲ್ಲಿ ಜಾಗವಿಲ್ಲದೆ ಜನ ಒಬ್ಬರ ಮೊಣಕಾಲಿನ ಮೇಲೆ ಒಬ್ಬರು ಕೂತಿದ್ದರು. ನಾಲ್ಕು ಸುತ್ತು ಮುಗಿದು ಆಟಕ್ಕೆ ಬಿಡುವು ಸಿಕ್ಕಾಗ ಡೆರಿಕ್ ಪೊರಕೆ ಹೆಗಲಿಗಿಟ್ಟುಕೊಂಡು ಓರೆಸ್ಟನ ಬಳಿ ಬಂದ. ಅವನ ಕಣ್ಣು ಕೆಂಪಗಿತ್ತು.

"ನಿಮ್ಮ ಐಸು ಇವತ್ತು ಮುನಿಸ್ಕೊಂಡಿದೆ. ನಿನ್ನೆ ಕಲ್ಲು ಹಾರ್ತಿತ್ತು. ಈಗ ಗೋಣಿಚೀಲ ಎಳೆದಂಗೆ ಹೋಗ್ತಿದೆ."

"ಜನ ಜಾಸ್ತಿ. ಉಸಿರಿನ ಬಿಸಿ," ಅಂದ ಓರೆಸ್ಟ್. ಆದರೆ ಉಪ್ಪುನೀರಿನ ತಾಪಮಾಪಕ ಬೆಳಗ್ಗೆಯಿಂದ ಏರುತ್ತಿರುವುದನ್ನು ಅವನೂ ನೋಡಿದ್ದ. ಯಂತ್ರ ನಿಲ್ಲದೆ ಓಡುತ್ತಿದ್ದರೂ ಅದು ಏರುತ್ತಿತ್ತು.

"ಇರಬಹುದು. ಇನ್ನೊಂದು ಮಾತು. ಬೇಜಾರು ಮಾಡ್ಕೋಬೇಡಿ. ನೆಲ ಒರೆಸೋರಿಗೆ ಆ ಔಷಧಿ ಸ್ವಲ್ಪ ಕಮ್ಮಿ ಹಾಕೋಕೆ ಹೇಳಿ. ಬಟ್ಟೆ ಬದಲಾಯಿಸೋ ರೂಮಲ್ಲಿ ಕಣ್ಣು ಬಿಡಕ್ಕಾಗ್ತಿಲ್ಲ."

ಓರೆಸ್ಟನ ಕೈಯಲ್ಲಿದ್ದ ಲೋಟ ನಿಂತಲ್ಲೇ ನಿಂತಿತು. "ಯಾವಾಗಿಂದ?"

"ಬೆಳಗ್ಗೆಯಿಂದ. ಮೊದ್ಲು ನಮ್ಮ ತಂಡದೋರು ಹೆದರಿದ್ರು, ಅಮೋನಿಯಾ ಏನಾದ್ರೂ ಇರಬಹುದಾ ಅಂತ. ಹೇಳೋಣ ಅಂತ ಎದ್ದೂ ಎದ್ವಿ. ಅಷ್ಟೊತ್ತಿಗೆ ನೀವೇ ಶಿಳ್ಳೆ ಹಾಕ್ಕೊಂಡು ಬಾಗಿಲ ಮುಂದೆ ಹೋದ್ರಿ. ಹೆರಿಕ್‌ನ ಮೂಗೇ ಸುಮ್ನಿರೋವಾಗ ನಿಮಗ್ಯಾಕ್ರೋ ಅಂತ ಲೋರ್ನ್ ನಕ್ಕರು. ನಾವೂ ಕೂತ್ವಿ."

ನೆಲ ಒರೆಸುವ ಬರ್ನಿಸ್ ಶನಿವಾರ ಸಂಜೆಯೇ ಮಗಳ ಊರಿಗೆ ಹೋಗಿದ್ದಳು. ಈ ದಿನ ಕ್ಲಬ್ಬಿನಲ್ಲಿ ಯಾರೂ ಒಂದು ಬಕೆಟ್ ಕೂಡ ಎತ್ತಿರಲಿಲ್ಲ.

ಓರೆಸ್ಟ್ ಹಾದಿಗೆ ಬಂದ. ಹಿಂದಿನಿಂದ ಆಟ ಮತ್ತೆ ಶುರುವಾದ ಚಪ್ಪಾಳೆ ಕೇಳಿಸಿತು. ಬೆಳಗ್ಗೆಯಿಂದ ತಾನು ಅವರ ಮುಖ ನೋಡಿ ನಿರಾಳನಾಗಿದ್ದ, ಅವರು ತನ್ನ ಮುಖ ನೋಡಿ ನಿರಾಳರಾಗಿದ್ದರು. ಒಬ್ಬರ ಮುಖವನ್ನು ಒಬ್ಬರು ನೋಡುತ್ತ ಇಡೀ ಊರು ಅದರೊಳಗೆ ಕುಳಿತಿತ್ತು. ಅವನು ಯಂತ್ರದ ಕೋಣೆಯ ಬಾಗಿಲನ್ನು ತೆರೆಯಲಿಲ್ಲ. ಬಾಗಿಲಿನಿಂದ ದೂರದಲ್ಲೇ ಕೊನೆಯ ಕಡ್ಡಿ ಹಚ್ಚಿ, ತೋಳು ಚಾಚಿ, ಕೆಳಗಿನ ಸಂದಿನ ಕಡೆಗೆ ಹಿಡಿದ.

ಈ ಸಲ ನೂಲು ಬರಲಿಲ್ಲ. ಕುರಿಯ ಉಣ್ಣೆಯ ಹಾಗೆ ದಪ್ಪ ಬಿಳಿ ಹೊಗೆ ಸಂದಿನುದ್ದಕ್ಕೂ ಎದ್ದಿತು. ಎದ್ದ ಹೊಗೆ ಅಲ್ಲೇ ನಿಲ್ಲಲಿಲ್ಲ. ನೆಲದ ಮೇಲೆ ಹರಿದು, ಯಾರೋ ಕರೆದ ಹಾಗೆ ಬಲಕ್ಕೆ ತಿರುಗಿ, ಅಡುಗೆಮನೆಯ ಬಾಗಿಲೊಳಗೆ ಹೋಯಿತು. ಅಡುಗೆಮನೆಯಲ್ಲಿ ಒಲೆಯ ಮೇಲಿನ ಹೊಗೆ ಎಳೆಯುವ ಫ್ಯಾನು ಪೂರ್ತಿ ವೇಗದಲ್ಲಿ ಓಡುತ್ತಿತ್ತು. ಅದು ಹಾದಿಯ ಗಾಳಿಯನ್ನೆಲ್ಲ ತನ್ನತ್ತ ಎಳೆಯುತ್ತಿತ್ತು. ಬೆಳಗ್ಗೆಯಿಂದ.

ಅವನು ಗೋಡೆಯ ಕೆಂಪು ಗುಂಡಿಯನ್ನು ಅಂಗೈಯಲ್ಲಿ ಗುದ್ದಿ ಯಂತ್ರ ನಿಲ್ಲಿಸಿ, ಅಡುಗೆಮನೆಗೆ ಓಡಿದ. ವರ್ನಾ ಮತ್ತು ಇನ್ನಿಬ್ಬರು ಹೆಂಗಸರು ದೊಡ್ಡ ಬಾಣಲೆಗಳಲ್ಲಿ ಈರುಳ್ಳಿ ಹುರಿಯುತ್ತಿದ್ದರು. ಮೂವರೂ ಕೆಮ್ಮುತ್ತಿದ್ದರು. ವರ್ನಾಳ ಕಣ್ಣುಗಳು ಊದಿದ್ದವು.

"ಎಂಥಾ ಈರುಳ್ಳಿ ತಂದಿದ್ದಾರೋ ಈ ಸಲ," ಅಂದಳು ಅವಳು. "ಗಂಟಲೆಲ್ಲ ಉರೀತಿದೆ."

"ಅದು ಈರುಳ್ಳಿ ಅಲ್ಲ."

ಅವಳು ಅವನ ಮುಖ ನೋಡಿದಳು. ಒಲೆ ಆರಿಸಿದಳು, ಉಳಿದಿಬ್ಬರ ರಟ್ಟೆ ಹಿಡಿದಳು. ನಾಲ್ವರೂ ಒದ್ದೆ ಬಟ್ಟೆ ಬಾಯಿಗೊತ್ತಿಕೊಂಡು ಸಭಾಂಗಣಕ್ಕೆ ಬಂದರು. ಓರೆಸ್ಟ್ ಹಾದಿಯ ಬಾಗಿಲನ್ನು ಹಿಂದಿನಿಂದ ಮುಚ್ಚಿ, ಕೆಳಗಿನ ಸಂದಿಗೆ ತನ್ನ ಕೋಟು ತುರುಕಿದ.

ಬೆಂಕಿಯ ಗಂಟೆ ಅಲ್ಲೇ ಗೋಡೆಯಲ್ಲಿತ್ತು. ಅವನ ಕೈ ಅಲ್ಲಿಗೆ ಹೋಗಿ ನಿಂತಿತು. ಗಂಟೆ ಬಾರಿಸಿದರೆ ಜನ ಎಲ್ಲಿಗೆ ಓಡುತ್ತಾರೆ? ಬಂದ ಬಾಗಿಲಿಗೆ. ಈ ಬಾಗಿಲಿಗೆ. ಆ ಹಾದಿಗೆ.

ಲೋರ್ನ್ ಅವನನ್ನು ನೋಡಿ, ಬೆರಳನ್ನು ತುಟಿಗಿಟ್ಟುಕೊಂಡು ತುದಿಗಾಲಲ್ಲಿ ಬಂದ.

"ಶ್! ಏನೋ ನಿಂದು? ಐದನೇ ಸುತ್ತು ನಡೀತಿದೆ. ಸಮ ಸಮ ಇದೆ."

"ಸೋರ್ತಿದೆ ಲೋರ್ನ್. ಬಹಳ. ಎಲ್ಲರನ್ನೂ ಹೊಲದ ಬಾಗಿಲಿಂದ ಹೊರಗೆ ಹಾಕ್ಬೇಕು. ಈಗ."

ಲೋರ್ನ್‌ನ ಮುಖದಲ್ಲಿ ಜೋಕಿನ ಚೂರೊಂದು ಇನ್ನೂ ಉಳಿದಿತ್ತು. "ಬೆಳಗ್ಗೆಯಿಂದ ಅಲ್ಲೇ ಓಡಾಡ್ತಿದ್ದೀಯ. ಆವಾಗ ಬರದ ವಾಸನೆ ಈಗ ಬಂತಾ ನಿನಗೆ?"

"ಈಗಲೂ ಬಂದಿಲ್ಲ."

"ಮತ್ತೆ?"

"ಅದೇ. ಬಂದಿಲ್ಲ. ಅಕ್ಟೋಬರ್‌ನಿಂದ ನನಗೆ ಏನೂ ಬಂದಿಲ್ಲ ಲೋರ್ನ್. ನೀನು ಆವತ್ತು ಹಿಡಿದು ಅಲ್ಲಾಡಿಸಿದ್ಯಲ್ಲ, ಅದು ಬರೀ ಮಾಂಸದ ಮುದ್ದೆ."

ಲೋರ್ನ್ ಮುಚ್ಚಿದ ಬಾಗಿಲನ್ನು ನೋಡಿದ. ಸಂದಿನಲ್ಲಿ ತುರುಕಿದ ಕೋಟನ್ನು ನೋಡಿದ. ಆಮೇಲೆ, ಮೊದಲ ಸಲ ಗಮನ ಕೊಟ್ಟವನಂತೆ, ಉಸಿರು ಎಳೆದುಕೊಂಡ. ಅವನ ಮುಖದ ಬಣ್ಣ ಇಳಿಯಿತು.

"ನಾವೆಲ್ಲ ನಿನ್ನ ಮೂಗು ನಂಬ್ಕೊಂಡು..." ಅಂದ.

"ಹೂಂ. ಗೊತ್ತು."

ಓರೆಸ್ಟ್ ಮಂಜುಗಡ್ಡೆಯ ಅಂಚಿಗೆ ಬಂದ. ಕಾಲಲ್ಲಿ ಹಿಮ, ಮರಳು, ಉಪ್ಪು ಮೆತ್ತಿದ ಹೊರಗಿನ ಬೂಟು. ಹಾಸಿನ ಆ ತುದಿಯಲ್ಲಿ ಡೆರಿಕ್ ಕಲ್ಲಿನ ಹಿಡಿ ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದ. ಇಡೀ ಸಭಾಂಗಣ ಉಸಿರು ಹಿಡಿದಿತ್ತು. ಓರೆಸ್ಟ್ ಕಾಲಿಟ್ಟ. ಬೂಟಿನಡಿ ಸಾಸಿವೆ ಹನಿಗಳು ಕರಕರ ಪುಡಿಯಾದವು. ಆ ಸದ್ದು ಬೆಂಚಿನ ಕೊನೆಯ ಸಾಲಿನವರೆಗೂ ಕೇಳಿಸಿತು.

"ಏ! ಏ! ಯಾರವನು?" ಎಂದು ಯಾರೋ ಕೂಗಿದರು. ಇನ್ನೊಬ್ಬರು, "ಅಯ್ಯೋ ಅದು ಓರೆಸ್ಟ್!" ಅಂದರು. ಮುಂದಿನ ಸಾಲಿನ ಮುದುಕಿಯೊಬ್ಬಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಡೆರಿಕ್ ಕಲ್ಲನ್ನು ಬಿಟ್ಟು ನಿಧಾನವಾಗಿ ಎದ್ದು ನಿಂತ. ಓರೆಸ್ಟನ ಹಿಂದೆ, ಅವನೇ ಹನಿ ಹನಿಯಾಗಿ ಮಾಡಿದ ಬಿಳುಪಿನ ಮೇಲೆ ಕಪ್ಪು ಹೆಜ್ಜೆಗಳ ಸಾಲು ಬಿದ್ದಿತ್ತು.

ಅವನು ನಡುವಿನಲ್ಲಿ ನಿಂತು ಮಾತಾಡಿದ. ಮೈಕ್ ಬೇಕಾಗಲಿಲ್ಲ.

"ಅಮೋನಿಯಾ ಸೋರ್ತಿದೆ. ಬೆಳಗ್ಗೆಯಿಂದ ನಿಮಗೆ ಬಂದ ವಾಸನೆ ಅದೇ. ನಾನು ಸುಮ್ನಿದ್ದೆ ಅಂತ ನೀವು ಸುಮ್ನಿದ್ರಿ. ನನ್ನ ಮೂಗು ಸತ್ತಿದೆ. ಜ್ವರ ಬಂದಾಗ ಸತ್ತಿದ್ದು. ಹೇಳ್ಬೇಕಿತ್ತು, ಹೇಳಲಿಲ್ಲ." ಅವನು ಹೊಲದ ಬಾಗಿಲಿನ ಕಡೆಗೆ ಕೈ ಚಾಚಿದ. "ಮುಂದಿನ ಬಾಗಿಲಿಗೆ ಯಾರೂ ಹೋಗ್ಬೇಡಿ. ಕೋಟು ಸಿಗಲಿಲ್ಲ ಅಂದ್ರೆ ಬಿಡಿ. ಐಸು ದಾಟಿ ಆ ಕಡೆ ನಡೀರಿ."

ಯಾರೂ ಅಲುಗಾಡಲಿಲ್ಲ. ಅವರಿಗೆ ಅಮೋನಿಯಾದ ಭಯಕ್ಕಿಂತ ಮೊದಲು ಇನ್ನೊಂದು ಅಡ್ಡ ಬಂತು. ಜನ ತಮ್ಮ ಬೂಟುಗಳನ್ನು ನೋಡಿಕೊಂಡರು, ಮಂಜುಗಡ್ಡೆಯನ್ನು ನೋಡಿದರು. ಹುಟ್ಟಿದಾಗಿನಿಂದ ಕೂಡದು ಎಂದು ಕೇಳಿದ್ದು ಅವರ ಕಾಲು ಹಿಡಿದಿತ್ತು.

"ನಡೀರಿ ಅಂದ್ನಲ್ಲ!" ಎಂದು ಓರೆಸ್ಟ್ ಕಿರುಚಿದ. "ತುಳೀರಿ ಅದನ್ನ!"

ವರ್ನಾ ಮೊದಲು ಕಾಲಿಟ್ಟಳು. ಅಡುಗೆಮನೆಯ ಜಿಡ್ಡಿನ ಚಪ್ಪಲಿಯಲ್ಲಿ, ಬಿಕ್ಕಿ ಬಿಕ್ಕಿ ಕೆಮ್ಮುತ್ತ, ನೇರ ನಡೆದಳು. ಅವಳ ಕೆಮ್ಮೇ ಗಂಟೆಯಾಯಿತು. ಬೆಂಚುಗಳಿಂದ ಜನ ಇಳಿದರು. ಜಾರಿದರು, ಒಬ್ಬರನ್ನೊಬ್ಬರು ಹಿಡಿದರು. ಸ್ಕಾಟ್ಲೆಂಡಿನ ಆಟಗಾರರು ಮುದುಕರ ಕೈಗೆ ಪೊರಕೆಗಳನ್ನು ಊರುಗೋಲಾಗಿ ಕೊಟ್ಟರು. ಡೆರಿಕ್ ಹೋಗಿ ಹೊಲದ ಬಾಗಿಲಿಗೆ ಹೆಗಲು ಕೊಟ್ಟ. ಹೊರಗಿನಿಂದ ಹಿಮ ಒತ್ತಿ ಅದು ಕಚ್ಚಿಕೊಂಡಿತ್ತು. ನಾಲ್ಕು ಜನ ಸೇರಿ ಕಲ್ಲಿನಿಂದ ಗುದ್ದಿದ ಮೇಲೆ ಕಿರುಗುಟ್ಟುತ್ತ ಸರಿಯಿತು. ಬಿಳಿ ಬೆಳಕು, ಚಳಿ ಒಟ್ಟಿಗೆ ನುಗ್ಗಿದವು.

ಓರೆಸ್ಟ್ ಕೊನೆಯಲ್ಲಿ ಬಂದ. ಬಾಗಿಲಲ್ಲಿ ತಿರುಗಿ ನೋಡಿದಾಗ ಈ ಬದಿಯ ಮಂಜುಗಡ್ಡೆ ಜಾನುವಾರು ದಾಟಿದ ಕೆಸರಿನಂತಿತ್ತು. ಆ ಬದಿಯಲ್ಲಿ, ಅವನ ಕೋಟನ್ನು ತುರುಕಿದ ಬಾಗಿಲಿನ ಅಂಚುಗಳಿಂದ, ಬೆಳ್ಳನೆಯದು ತೆಳ್ಳಗೆ ಒಳಗೆ ಇಳಿಯುತ್ತಿತ್ತು.

ಹೊಲದಲ್ಲಿ ಜನ ಗುಂಪುಗುಂಪಾಗಿ ನಿಂತರು. ಕೋಟಿದ್ದವರು ಇಲ್ಲದವರನ್ನು ಒಳಗೆ ಸೇರಿಸಿಕೊಂಡರು. ಅಡುಗೆಮನೆಯ ಇಬ್ಬರು ಹೆಂಗಸರು ಹಿಮದ ಮೇಲೆ ಕುಳಿತುಬಿಟ್ಟಿದ್ದರು. ಒಬ್ಬಳು ಉಸಿರಿಗಾಗಿ ಒದ್ದಾಡುತ್ತಿದ್ದಳು. ಆಂಬುಲೆನ್ಸ್ ಪಕ್ಕದ ಊರಿನಿಂದ ಬರಬೇಕು, ಆ ರಸ್ತೆಯಲ್ಲಿ ಹಿಮ ಇನ್ನೂ ಪೂರ್ತಿ ತೆಗೆದಿರಲಿಲ್ಲ. ಲೋರ್ನ್ ಫೋನು ಕಿವಿಗಿಟ್ಟುಕೊಂಡು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದ. ಅವನು ಓರೆಸ್ಟನ ಕಡೆಗೆ ನೋಡಲಿಲ್ಲ. ಬೇರೆ ಯಾರೂ ನೋಡಲಿಲ್ಲ.

ಕಟ್ಟಡದ ಮುಂಭಾಗದಲ್ಲಿ, ರಸ್ತೆಯ ಬದಿಗೆ, ಮುಂಬಾಗಿಲಿನ ಕೆಳಗಿನಿಂದ ಬಿಳಿ ಆವಿ ಹೊರಬಂದು ಹಿಮದ ಮೇಲೆ ಮೊಣಕಾಲೆತ್ತರಕ್ಕೆ ಹರಡುತ್ತಿತ್ತು. ಇಂಥ ಚಳಿಯಲ್ಲಿ ಅದು ಮೇಲೇಳದು, ನೆಲ ಹಿಡಿದೇ ಹರಿಯುತ್ತದೆ. ಗಾಳಿ ಅದನ್ನು ಅವರಿಂದ ದೂರಕ್ಕೆ, ಜನರಿಲ್ಲದ ಕಾರು ನಿಲ್ಲಿಸುವ ಜಾಗದ ಕಡೆಗೆ ಒಯ್ಯುತ್ತಿತ್ತು.

ಓರೆಸ್ಟ್ ವರ್ನಾಳ ಪಕ್ಕ ನಿಂತ. ಅಂಗಿಯ ತೋಳಿನಲ್ಲಿ ಅವಳ ಕಣ್ಣೊರೆಸಿದ.

"ನಿನಗೆ ಹೇಗಿದೆ?"

"ಎದೇಲಿ ಕೆಂಡ ಇಟ್ಟಂಗಿದೆ," ಅಂದಳು. ಅವನ ಕೈಯನ್ನು ತಳ್ಳಲಿಲ್ಲ, ಹಿಡಿಯಲೂ ಇಲ್ಲ.

ಆಗ ಅವನು ಒಂದು ವಿಚಿತ್ರ ನೋಡಿದ. ಗುಂಪಿನ ಎಡ ಅಂಚಿನಲ್ಲಿದ್ದವನೊಬ್ಬ ತಲೆ ಹೊರಳಿಸಿದ. ಅವನ ಪಕ್ಕದವಳು ಹೊರಳಿಸಿದಳು. ಗೋಧಿಯ ಹೊಲದಲ್ಲಿ ತೆನೆಗಳು ಬಾಗುವ ಹಾಗೆ, ಎಡದಿಂದ ಬಲಕ್ಕೆ, ಮುಖಗಳು ಒಂದೊಂದಾಗಿ ಸುಕ್ಕುಗಟ್ಟಿ ಹಿಂದಕ್ಕೆ ತಿರುಗಿದವು. ಓರೆಸ್ಟನಿಗೆ ಏನೂ ಬರಲಿಲ್ಲ. ಚಳಿ ಮಾತ್ರ ಬಂತು. ಆದರೆ ಅವನಿಗೆ ಗೊತ್ತಾಯಿತು. ಗಾಳಿ ತಿರುಗಿತ್ತು.

ಜನ ಈಗ ಓರೆಸ್ಟನ ಕಡೆಗೆ ತಿರುಗಿದರು. ಎಲ್ಲ ಕೇಳಿದ ಮೇಲೂ, ಹಳೆಯ ಅಭ್ಯಾಸದಿಂದ, ಯಾವ ಕಡೆಗೆ ಎಂದು ಅವನ ಮುಖ ನೋಡಿದರು.

ಅವನು ವರ್ನಾಳ ಮುಖ ನೋಡಿದ.

ಅವಳು ಊದಿದ ಕಣ್ಣು ಮುಚ್ಚಿ, ನೋಯುವ ಎದೆಗೆ ಒಂದು ಕೈ ಒತ್ತಿ, ಉಸಿರನ್ನು ಚೂರು ಚೂರಾಗಿ ಎಳೆದುಕೊಂಡಳು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಆಮೇಲೆ ಇನ್ನೊಂದು ಕೈಯೆತ್ತಿ, ಹೊಲದ ಆಚೆ, ಕತ್ತಲಾಗುತ್ತಿದ್ದ ಎಲೆ ಉದುರಿದ ಪಾಪ್ಲರ್ ಮರಗಳ ಸಾಲನ್ನು ತೋರಿಸಿದಳು.

"ಆ ಕಡೆ," ಅಂದ ಓರೆಸ್ಟ್ ಎಲ್ಲರಿಗೂ ಕೇಳುವ ಹಾಗೆ. "ವರ್ನಾ ಹೇಳ್ತಿದ್ದಾಳೆ, ಆ ಕಡೆ. ಬಿದ್ದೋರನ್ನ ಎತ್ಕೊಳ್ಳಿ. ನಿಲ್ಲಬೇಡಿ."

ಅವನು ಉಸಿರಿಗೆ ಒದ್ದಾಡುತ್ತಿದ್ದ ಹೆಂಗಸನ್ನು ಹೆಗಲಿಗೆ ಹಾಕಿಕೊಂಡ. ವರ್ನಾ ಮುಂದೆ ನಡೆದಳು. ಸೊಂಟದವರೆಗಿನ ಹಿಮದಲ್ಲಿ ಹೆರಿಕ್‌ನ ಜನ ಅವಳ ಹಿಂದೆ ಒಂದೇ ಸಾಲಾಗಿ ಹೊರಟರು. ನಾಲ್ಕು ಹೆಜ್ಜೆಗೊಮ್ಮೆ ಅವಳು ನಿಂತು ಮುಖವೆತ್ತಿ ಉಸಿರೆಳೆಯುತ್ತಿದ್ದಳು, ಕೆಮ್ಮುತ್ತಿದ್ದಳು, ಮತ್ತೆ ನಡೆಯುತ್ತಿದ್ದಳು. ಪ್ರತಿ ಸಲ ನಿಂತಾಗ ಅವಳ ಕೆಮ್ಮು ಹಿಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಇರುತ್ತಿತ್ತು. ಓರೆಸ್ಟ್ ಅದನ್ನು ಕೇಳುತ್ತ, ಹಿಂದೆ ನೋಡದೆ, ಅವಳ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆದ.